ಮಡಿಸಿದ ಮೂಲೆಯ ಹಿಂಬದಿ

ಮೂಲೆ ಬಿಡಿಸಿಕೊಳ್ಳಲಿಲ್ಲ.

ಮೌಸ್ ಹಿಡಿದು ಎಳೆದು ನೋಡಿದೆ, ಬಿಟ್ಟು ನೋಡಿದೆ. ಪರದೆಯ ಮೇಲೆ ಆ ಕುಟುಂಬ ತೋಟದ ಹುಲ್ಲಿನಲ್ಲಿ ನಿಂತು ನಗುತ್ತಲೇ ಇತ್ತು. ಹಿಂದೆ ಅವರ ಮನೆ. ಚಿತ್ರದ ಎಡ ಮೇಲ್ತುದಿಯಲ್ಲಿ ನಾನೇ ಮಡಿಸಿದ್ದ ಮೂಲೆ. ಯಾರೋ ಹಾಳೆ ಮಗುಚಲು ಬೆರಳಿಟ್ಟು, ಅಷ್ಟರಲ್ಲಿ ಏನೋ ನೆನಪಾಗಿ ಎದ್ದು ಹೋದಂತೆ ಅದು ಅರ್ಧಕ್ಕೇ ಬಾಗಿ ನಿಂತಿತ್ತು. ಅದರ ಕೆಳಗೆ ಕಾಣುತ್ತಿದ್ದದ್ದು ತಿಳಿನೀಲಿ ಬಣ್ಣ ಮಾತ್ರ.

ಪದರಗಳನ್ನೆಲ್ಲ ಒಂದು ಮಾಡಿ ಉಳಿಸಿದ ಫೈಲ್ ಅದು. ಹಾಗೆ ಮಾಡಿದವಳೂ ನಾನೇ. ನಮ್ಮ ಸ್ಟುಡಿಯೋದ ಕಂಪ್ಯೂಟರಿಗೆ ವಯಸ್ಸಾಗಿದೆ. ಪದರಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಮೆಟ್ಟಿಲು ಹತ್ತಿದ ಮುದುಕನಂತೆ ಏದುಸಿರು ಬಿಡುತ್ತದೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಒಂದಾಗಿ ಅಂಟಿಸಿಬಿಡುವುದು ನನ್ನ ರೂಢಿ. ಒಮ್ಮೆ ಅಂಟಿತೆಂದರೆ ಮೇಲಿನದು, ಕೆಳಗಿನದು ಎಂಬುದು ಉಳಿಯುವುದಿಲ್ಲ. ಮಡಿಕೆಯ ಅಡಿಯಲ್ಲಿ ಏನಿತ್ತೋ ಅದು ಈ ಫೈಲಿನಲ್ಲಿ ಇರಲೇ ಇಲ್ಲ.

ಮೂಲ ಚಿತ್ರ ಕೇಳಿದರೆ, ಕ್ಯಾಮೆರಾದ ಕಾರ್ಡ್ ಕೆಟ್ಟುಹೋಯಿತೆಂದು ಸ್ಟುಡಿಯೋ ನಡೆಸುವ ಮಾವ ಹೇಳಿದ್ದರು.

ಅಕ್ಕ ಠಾಣೆಯಲ್ಲಿದ್ದಳು. ಗಡಿಯಾರದಂಗಡಿಯ ಹಿರಿಯ ಯಜಮಾನರು, ಅವಳು ಆರೈಕೆ ಮಾಡುತ್ತಿದ್ದ ಮುದುಕರು, ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಆ ಹೊತ್ತಿಗೆ ಮನೆಯವರೆಲ್ಲ ತೋಟದಲ್ಲಿ ಫೋಟೋಕ್ಕೆ ನಿಂತಿದ್ದರು ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ. ಚಿತ್ರದಲ್ಲಿ ಮನೆಯವರು, ಕ್ಯಾಮೆರಾದ ಹಿಂದೆ ನಮ್ಮ ಸೋದರಮಾವ. ಉಳಿದವಳು ಅಕ್ಕ ಒಬ್ಬಳೇ.

ತಾನು ಆಗ ಔಷಧಿ ಅಂಗಡಿಗೆ ಹೋಗಿದ್ದೆ ಎಂದು ಅಕ್ಕ ಹೇಳಿಕೆ ಕೊಟ್ಟು ಸಹಿ ಹಾಕಿದ್ದಳು. ಅಂಗಡಿಯವನಿಗೆ ಅವಳನ್ನು ಕಂಡ ನೆನಪಿರಲಿಲ್ಲ. ನಾನು ಠಾಣೆಗೆ ಹೋದಾಗ ಇನ್‌ಸ್ಪೆಕ್ಟರ್ ಕಟುವಾಗಿಯೇನೂ ಮಾತಾಡಲಿಲ್ಲ. ಆ ಮನೆಯೊಳಗೆ ಆಗ ಇನ್ನೊಬ್ಬರು ಯಾರಾದರೂ ಇದ್ದರೆಂದು ತೋರಿಸಿದರೆ ಇವತ್ತೇ ಅವಳನ್ನು ಮನೆಗೆ ಕಳಿಸುತ್ತೇನೆ ಎಂದರು. ಆದರೆ ಅವಳ ಹೇಳಿಕೆಯಲ್ಲಿ ಒಂದೇ ಒಂದು ಮಾತು ಸುಳ್ಳೆಂದು ಗೊತ್ತಾದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ, ಆಮೇಲೆ ತಮ್ಮ ಕೈಯಲ್ಲೂ ಏನೂ ಇರುವುದಿಲ್ಲ ಎಂದರು.

ಅಕ್ಕ ಮಾತ್ರ ಕಂಬಿಯ ಆಚೆಯಿಂದ ಕೇಳಿದ್ದು ಛತ್ರಿಯ ವಿಷಯ. ಹೊಲಿದೆಯಾ ಎಂದಳು. ಇಲ್ಲ ಎಂದೆ. ಆ ಛತ್ರಿ ಈಗಲೂ ಸ್ಟುಡಿಯೋದ ಬಾಗಿಲ ಹಿಂದೆ ನೇತಾಡುತ್ತಿತ್ತು. ಒಂದು ಕಡ್ಡಿ ಮುರಿದು, ಅಲ್ಲಿನ ಬಟ್ಟೆ ಪೆಟ್ಟು ತಿಂದ ಹಕ್ಕಿಯ ರೆಕ್ಕೆಯಂತೆ ಜೋತುಬಿದ್ದು ಬಹಳ ದಿನವಾಗಿತ್ತು. ಯಜಮಾನರು ಸತ್ತ ಸಂಜೆ ಅಕ್ಕ ಇಲ್ಲಿಗೆ ಬಂದವಳು ಅದನ್ನು ಬಿಟ್ಟುಹೋಗಿದ್ದಳು.

*

ನನಗೆ ಅನುಮಾನ ಹುಟ್ಟಿದ್ದು ಫೈಲ್ ತೆರೆದು ಕೂತ ದಿನವೇ ಬೆಳಿಗ್ಗೆ.

ಯಜಮಾನರ ದೊಡ್ಡ ಸೊಸೆ ಈ ಚಿತ್ರದ ಫ್ರೇಮ್ ಹಿಡಿದುಕೊಂಡು ಬಂದಿದ್ದರು. ಗಾಜಿನೊಳಗೆ ಧೂಳು ಕೂತಿದೆ, ಬಿಚ್ಚಿ ಒರೆಸಿಕೊಡಿ ಎಂದರು. ನಾನು ಒರೆಸುತ್ತಿರುವಾಗ ಅವರ ಬೆರಳು ಮಡಿಸಿದ ಮೂಲೆಯ ಮೇಲೆ ಹೋಯಿತು.

"ಇದೊಂದು ಯಾಕೆ ಮಾಡಿದ್ರಿ? ನಮ್ಮ ಮಹಡಿಯೇ ಕಾಣ್ತಿಲ್ಲ. ಮನೆ ಕಾಣಲಿ ಅಂತ ತಾನೇ ತೋಟದಲ್ಲಿ ನಿಂತದ್ದು."

ನಾನು ಮಾವನ ಕಡೆ ನೋಡಿದೆ. ಮಾವ ಲೆನ್ಸಿನ ಮುಚ್ಚಳ ಹುಡುಕುತ್ತಿದ್ದರು. ಮುಚ್ಚಳ ಅವರ ಕೈಯಲ್ಲೇ ಇತ್ತು.

ಮೂಲೆ ಮಡಿಸುವುದು ನನ್ನ ಹುಚ್ಚು. ಮದುವೆಯ ಆಲ್ಬಮ್ ಇರಲಿ, ಶಾಲೆಯ ಗುಂಪು ಚಿತ್ರ ಇರಲಿ, ಕೊನೆಯ ಪುಟಕ್ಕೆ ಒಂದು ಮಡಿಕೆ ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಮಾವ ನನಗೆ ಸುರುಳಿ ಎಂದು ಹೆಸರಿಟ್ಟದ್ದು ಅದಕ್ಕೇ. ಈಗ ಗಿರಾಕಿಗಳೂ ಹಾಗೇ ಕರೆಯುತ್ತಾರೆ. ಆದರೆ ನಾನು ಮಡಿಸುವುದು ಯಾವಾಗಲೂ ಬಲ ಕೆಳಮೂಲೆ. ಪುಟ ತಿರುಗಿಸುವ ಕೈ ಅಲ್ಲಿಗೇ ಹೋಗುತ್ತದೆ. ಎಡ ಮೇಲ್ಮೂಲೆಯನ್ನು ಯಾರೂ ಹಿಡಿದು ಎತ್ತುವುದಿಲ್ಲ. ಅಲ್ಲಿ ಪುಸ್ತಕದ ಹೊಲಿಗೆ ಇರುತ್ತದೆ.

ಈ ಚಿತ್ರವನ್ನು ತಿದ್ದುವಾಗ ನನ್ನ ಕುರ್ಚಿಯ ಹಿಂದೆ ನಿಂತು ಮೇಲಿನ ಮೂಲೆಯನ್ನೇ ಮಡಿಸಲು ಹೇಳಿದವರು ಮಾವ. ಅಲ್ಲಿ ಬರೀ ಗೋಡೆ, ಬೋಳು ಬೋಳಾಗಿದೆ, ಗಿರಾಕಿಗಳೇ ಕೇಳಿದ್ದಾರೆ ಎಂದಿದ್ದರು.

ಗಿರಾಕಿಗಳು ಕೇಳಿರಲಿಲ್ಲ.

*

ಮಧ್ಯಾಹ್ನ ನಮ್ಮ ಸ್ಟುಡಿಯೋ ನೀರಿನಡಿಯ ಮನೆಯಂತಾಗುತ್ತದೆ. ಚಾವಣಿಯಲ್ಲಿ ಹಸಿರು ಗಾಜಿನ ಬೆಳಕಿಂಡಿಯಿದೆ. ಅದರಿಂದ ಇಳಿಯುವ ಬೆಳಕಿನಲ್ಲಿ ಧೂಳಿನ ಕಣಗಳು ಮರಿಮೀನುಗಳ ಹಾಗೆ ತೇಲುತ್ತವೆ. ಎದುರು ಗೋಡೆಯ ತುಂಬ ಹಳೆಯ ಪರದೆ. ಅದರ ಮೇಲೆ ಬಣ್ಣದಲ್ಲಿ ಬರೆದ ಸರೋವರ, ಸರೋವರಕ್ಕೆ ಇಳಿಯುವ ಮೆಟ್ಟಿಲುಗಳು, ದೂರದಲ್ಲಿ ಒಂದು ಖಾಲಿ ದೋಣಿ. ಅದರ ಮುಂದೆ ಕೂತು ಫೋಟೋ ತೆಗೆಸಿಕೊಂಡವರಲ್ಲಿ ಎಷ್ಟೋ ಜನ ಈಗ ಇಲ್ಲ. ದೋಣಿ ಮಾತ್ರ ಇನ್ನೂ ದಡಕ್ಕೆ ಬಂದಿಲ್ಲ.

ಪರದೆಯ ಹಿಂದಿನ ಬೆಂಚಿನ ಮೇಲೆ ಮಾವ ಊಟವಾದ ಮೇಲೆ ಮಲಗುತ್ತಾರೆ. ಆ ಮಧ್ಯಾಹ್ನವೂ ಸರೋವರದ ಆಚೆ ದಡದಿಂದ ಅವರ ಗೊರಕೆ ಕೇಳುತ್ತಿತ್ತು.

ನಾನು ಮಡಿಕೆಯನ್ನು ದೊಡ್ಡದು ಮಾಡಿದೆ. ಅದು ಪರದೆ ತುಂಬುವಷ್ಟು ಹತ್ತಿರ ಬಂತು. ಬಾಗಿದ ಬೆನ್ನಿನ ಮೇಲೆ ಹೊಳಪಿನ ಗೆರೆ, ಅದರಿಂದ ಅತ್ತ ಕಡೆಗೆ ನಿಧಾನವಾಗಿ ಕಪ್ಪಾಗುವ ನೆರಳು. ಕೆಲಸ ಚೆನ್ನಾಗಿಯೇ ಆಗಿತ್ತು. 

ಆಗ ಕೆಲವು ಕಲೆಗಳು ಕಂಡವು.

ಮಡಿಕೆಯ ಹಿಂಬದಿ ಪೂರ್ತಿ ಬಿಳಿಯಾಗಿರಲಿಲ್ಲ. ಹಾಲಿನ ಕೆನೆಯ ಕೆಳಗೆ ಕಾಣುವ ಹಾಗೆ ಏನೋ ಮಸುಕು ಮಸುಕಾಗಿ ಇತ್ತು. ಒಂದು ಕ್ಷಣ ಅದೇನೆಂದು ಹೊಳೆಯಲಿಲ್ಲ. ಹೊಳೆದ ಮೇಲೆ ನನ್ನ ಕೈ ಮೌಸನ್ನು ಬಿಟ್ಟಿತು.

ಎಲ್ಲರೂ ಮಡಿಕೆಯ ಹಿಂಬದಿಗೆ ಬಿಳಿ ಬಣ್ಣ ಹಾಕಿ, ಅಂಚಿಗೆ ಒಂದಿಷ್ಟು ಬೂದು ಬಣ್ಣ ಸವರಿ ಮುಗಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ನಮ್ಮ ಚಿಕ್ಕಪ್ಪ ಪುಸ್ತಕ ಕಟ್ಟುವ ಕೆಲಸ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅವರ ಅಂಟಿನ ಬಟ್ಟಲ ಪಕ್ಕ ಕೂತಿರುತ್ತಿದ್ದೆ. ಅವರು ಒಂದೊಂದು ಹಾಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಈ ಬದಿಯ ಚಿತ್ರ ಆ ಬದಿಯಿಂದ ತಿರುಗುಮುರುಗಾಗಿ, ಕನಸಿನಲ್ಲಿ ಕಂಡ ಹಾಗೆ ಕಾಣುವುದು. ಹಿಂದಿನದು ಸ್ವಲ್ಪವಾದರೂ ಕಾಣದಿದ್ದರೆ ಅದು ಕಾಗದವಲ್ಲ, ತಗಡು ಎನ್ನುವರು.

ಆದ್ದರಿಂದ ಮಡಿಸುವ ಮೂಲೆಯನ್ನೇ ಮೊದಲು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬಹಳ ತೆಳುವಾಗಿಸಿ ಹಿಂಬದಿಗೆ ಹಾಕುತ್ತೇನೆ. ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಹಾಳೆ ತೆಳ್ಳಗಿದೆ ಅನ್ನಿಸುತ್ತದೆ, ಅಷ್ಟೇ.

ಮಾವ ಮೂಲೆಯನ್ನು ಮುಚ್ಚಲು ಹೇಳಿದ್ದರು. ನಾನು ಅದನ್ನು ಮುಚ್ಚಿ, ಮುಚ್ಚಳದ ಮೇಲೆಯೇ ಒಳಗಿದ್ದದ್ದನ್ನು ಬರೆದಿಟ್ಟಿದ್ದೆ.

*

ಮಡಿಕೆಯನ್ನು ಕತ್ತರಿಸಿ ಬೇರೆ ಹಾಳೆಗೆ ತಂದೆ. ಬಾಗಿದ್ದನ್ನು ಎಳೆದು ಸಪಾಟು ಮಾಡಿದೆ. ಬಿಳುಪನ್ನು ಸ್ವಲ್ಪ ಸ್ವಲ್ಪವಾಗಿ ಹಿಂತೆಗೆಯುತ್ತ ಹೋದೆ. ಹೊಗೆ ಚದುರಿದ ಹಾಗೆ ಮೊದಲು ಗೋಡೆ ಬಂತು. ಆಮೇಲೆ ಬಿಸಿಲುಮರೆಯ ಅಂಚು. ಆಮೇಲೆ ಒಂದು ಕಿಟಕಿ.

ಕಿಟಕಿಯೊಳಗಿನ ಕತ್ತಲೆಯಲ್ಲಿ ಒಬ್ಬರು ನಿಂತಿದ್ದರು.

ಮುಖವಿಲ್ಲ. ಮುಖವಿರಬೇಕಾದಲ್ಲಿ ಬೆಳ್ಳಗಿನ ಮಚ್ಚೆ. ಆದರೆ ಭುಜವಿತ್ತು, ತೋಳಿತ್ತು, ತೋಳಿನ ಮೇಲೆ ಮಡಿಸಿ ಹಾಕಿಕೊಂಡ ಬಟ್ಟೆಯಂಥದ್ದೇನೋ ಇತ್ತು. ಮನುಷ್ಯರೇ. ಮನೆಯವರೆಲ್ಲ ತೋಟದಲ್ಲಿ ನಗುತ್ತಿರುವಾಗ ಯಜಮಾನರ ಕೋಣೆಯಲ್ಲಿ ಬೇರೆ ಯಾರೋ.

ನಾನು ಯೋಚಿಸಲೂ ಇಲ್ಲ. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. ಮೆಲ್ಲಗೆ ಮಾತಾಡಿದೆ, ಮಾವನಿಗೆ ನಿದ್ದೆ ಕೆಡದಿರಲಿ ಎಂದು. ಮನೆಯೊಳಗೆ ಇನ್ನೊಬ್ಬರಿದ್ದರು, ಚಿತ್ರದಲ್ಲಿದ್ದಾರೆ, ಕಣ್ಣಾರೆ ನೋಡಬಹುದು ಎಂದೆ. ಫೈಲನ್ನು ಮುಟ್ಟದೆ ಹಾಗೇ ಇಡಿ, ನಾನೇ ಬರುತ್ತೇನೆ ಎಂದರು ಅವರು. ಫೋನ್ ಇಟ್ಟ ಮೇಲೆ ರಾತ್ರಿಗೆ ಅಕ್ಕನಿಗೆ ಏನು ಅಡುಗೆ ಮಾಡಲಿ ಎಂಬಲ್ಲಿಯವರೆಗೆ ಮನಸ್ಸು ಓಡಿತು.

ಆಮೇಲೆ ನೆನಪಾಯಿತು. ಆತುರದಲ್ಲಿ ಒಂದು ಕೆಲಸ ಬಿಟ್ಟಿದ್ದೆ.

ಹಿಂಬದಿಯಲ್ಲಿರುವುದು ತಿರುಗುಮುರುಗಾದ ಚಿತ್ರ. ಅದನ್ನು ಮತ್ತೆ ತಿರುಗಿಸಬೇಕು.

ತಿರುಗಿಸಿದೆ. ಕಿಟಕಿ ಪಕ್ಕ ಬದಲಿಸಿತು. ನಿಂತಿದ್ದವರು ಹೊರಳಿ ನನ್ನನ್ನು ನೋಡಿದ ಹಾಗಾಯಿತು. ಇಷ್ಟು ಹೊತ್ತು ಬಲಗಡೆ ಇಳಿದಿದ್ದ ಭುಜ ಈಗ ಎಡಗಡೆ ಇಳಿಯಿತು.

ಆ ಭುಜದ ಮೇಲೆ ಕೂತು ನಾನು ಊರು ನೋಡಿದ್ದೆ. ಅಪ್ಪ ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ ಭುಜ. ಇಡೀ ಆಯುಷ್ಯ ಕ್ಯಾಮೆರಾ ಚೀಲ ಹೊತ್ತು ಒಂದು ಕಡೆಗೆ ಇಳಿದುಹೋದ ಭುಜ.

ಗೊರಕೆ ನಿಂತಿತ್ತು.

*

ಸರೋವರ ಅಲುಗಿತು. ಪರದೆಯ ಅಂಚನ್ನು ಸರಿಸಿ ಮಾವ ಹೊರಗೆ ಬಂದರು, ದೋಣಿಯಿಂದ ಇಳಿದು ಬಂದವರ ಹಾಗೆ, ಕೆದರಿದ ಕೂದಲಲ್ಲಿ.

"ಇನ್ನೂ ಅದನ್ನೇ ನೋಡ್ತಾ ಕೂತಿದ್ದೀಯಾ ಸುರುಳಿ? ಅವರೇನು ಎದ್ದು ಓಡಾಡ್ತಾರಾ?"

"ಇಲ್ಲಿ ಬನ್ನಿ ಮಾವ. ಇವರು ಯಾರು ಹೇಳಿ."

ಮಾವ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಂಡರು. ಒಂದು ಗಾಜು ಒರೆಸಿ, ಇನ್ನೊಂದು ಒರೆಸಿ, ಮತ್ತೆ ಮೊದಲನೆಯದನ್ನು ಒರೆಸಿದರು. ಆಮೇಲೆ ಬಗ್ಗಿ ನೋಡಿದರು.

"ಮಂಜು ಮುಸುಕಿದ ಹಾಗಿದೆ. ಯಾರಾದ್ರೂ ಆಗಬಹುದು."

"ಭುಜ ನೋಡಿ."

"ಚೀಲ ಹೊತ್ತವರಿಗೆಲ್ಲ ಭುಜ ಹೀಗೇ ಕಣಮ್ಮ."

"ಆ ದಿನ ಆ ಮನೆಗೆ ಚೀಲ ಹೊತ್ತು ಹೋದವರು ಇನ್ಯಾರಿದ್ದರು?"

ಮಾವ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತರು. "ಕಾರ್ಡನ್ನ ನಾನೇ ಅಳಿಸಿ ಹಾಕಿದ್ದೆನಲ್ಲ, ಇದು ಎಲ್ಲಿಂದ ಬಂತು?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಕೆಟ್ಟುಹೋಯಿತು ಎಂದಿದ್ದ ಕಾರ್ಡ್ ಅದು. ಬಾಯಿಜಾರಿದ್ದು ಅವರಿಗೂ ಗೊತ್ತಾಯಿತು, ಆದರೆ ತಿದ್ದಿಕೊಳ್ಳಲು ಹೋಗಲಿಲ್ಲ.

ನಾನು ಹಿಂಬದಿಯ ವಿಷಯ ಹೇಳಿದೆ. ಚಿಕ್ಕಪ್ಪನ ಹೆಸರು ಬಂದ ಕೂಡಲೇ ಮಾವ ನಕ್ಕರು. ನಿಜವಾಗಿಯೂ ನಕ್ಕರು.

"ಆ ಅಂಟಿನ ಡಬ್ಬ. ಬದುಕಿದ್ದಾಗ ನನ್ನ ಆಲ್ಬಮ್ ಒಂದನ್ನೂ ಹೊತ್ತಿಗೆ ಸರಿಯಾಗಿ ಕಟ್ಟಿಕೊಡಲಿಲ್ಲ. ಈಗ ನೋಡು, ಕರೆಕ್ಟಾಗಿ ಬಂದ."

ನನಗೆ ನಗು ಬರಲಿಲ್ಲ. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದ್ದೇನೆ ಎಂದೆ. ಯಾರು ಎಂದು ಹೇಳಿಲ್ಲ, ಆಗ ನನಗೇ ಗೊತ್ತಿರಲಿಲ್ಲ ಎಂದೆ. ಮಾವ ಎದ್ದು ನಿಲ್ಲಬಹುದು, ಕೂಗಾಡಬಹುದು, ಅಳಬಹುದು ಎಂದು ಎಲ್ಲಕ್ಕೂ ಸಿದ್ಧಳಾಗಿ ಕುರ್ಚಿಯ ಕೈ ಹಿಡಿದು ಕೂತಿದ್ದೆ.

"ಒಳ್ಳೇದಾಯ್ತು," ಎಂದರು ಮಾವ. "ನಿಮ್ಮಕ್ಕ ಮನೆಗೆ ಬರ್ತಾಳೆ."

ಅಷ್ಟು ಹಗುರವಾಗಿ ಹೇಳಿದ್ದೇ ನನ್ನನ್ನು ಎಚ್ಚರಿಸಿತು. ಸಿಕ್ಕಿಬಿದ್ದವರ ದನಿ ಅದಲ್ಲ. ಭಾರ ಇಳಿಸಿದವರದೂ ಅಲ್ಲ. ಬೇರೇನನ್ನೋ ಬೆನ್ನ ಹಿಂದೆ ಇಟ್ಟುಕೊಂಡು ಕೈ ತೋರಿಸುವ ಮಗುವಿನ ದನಿ.

"ನೀವು ಕಿಟಕಿಯಲ್ಲಿದ್ದಿರಿ. ಹಾಗಾದರೆ ಫೋಟೋ ತೆಗೆದದ್ದು ಯಾರು?"

"ಸ್ಟ್ಯಾಂಡ್ ಮೇಲಿಟ್ಟು ಟೈಮರ್ ಹಾಕಿದ್ದೆ."

ನಾನು ಪೂರ್ತಿ ಚಿತ್ರವನ್ನು ಮತ್ತೆ ಪರದೆಗೆ ತಂದೆ.

ಟೈಮರ್ ಹಾಕಿದ ಫೋಟೋಗಳನ್ನು ನಾನು ಬೇಕಾದಷ್ಟು ತಿದ್ದಿದ್ದೇನೆ. ಅದರಲ್ಲಿ ಎಲ್ಲರೂ ಮೂಗಿನ ತುದಿಯಲ್ಲಿರುವ ಸೀನಿಗೆ ಕಾಯುವವರ ಹಾಗೆ ನಿಂತಿರುತ್ತಾರೆ. ಇಲ್ಲಿ ಹಾಗಿರಲಿಲ್ಲ. ಇವರು ನಗುತ್ತಿದ್ದದ್ದು ಯಂತ್ರವನ್ನು ನೋಡಿ ಅಲ್ಲ. ದೊಡ್ಡ ಸೊಸೆ ತಲೆ ಓರೆ ಮಾಡಿ ಏನೋ ರೇಗಿಸುತ್ತಿದ್ದರು. ಚಿಕ್ಕ ಮಗ ಕೈಯಾಡಿಸಿ ಕ್ಯಾಮೆರಾ ನೇರ ಹಿಡಿಯಿರಿ ಎಂದು ತೋರಿಸುತ್ತಿದ್ದ. ಎಲ್ಲರ ಕಣ್ಣೂ ಒಂದೇ ಕಡೆ, ನಿಂತವರ ಎದೆಗಿಂತ ಕೆಳಗೆ, ಕೂತ ಒಬ್ಬರ ಮುಖದ ಎತ್ತರಕ್ಕೆ.

ಇನ್ನೊಂದೂ ಇತ್ತು. ಮಡಿಕೆ ಹಾಕುವವಳು ಮುಖ ನೋಡುವ ಮೊದಲು ನೆರಳು ನೋಡುತ್ತಾಳೆ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಗೊತ್ತಿಲ್ಲದೆ ಮಡಿಕೆಗೆ ನೆರಳು ಬರೆಯಲು ಬರುವುದಿಲ್ಲ. ಈ ಚಿತ್ರದಲ್ಲಿ ಬಿಸಿಲು ಕ್ಯಾಮೆರಾದ ಬೆನ್ನ ಹಿಂದಿನಿಂದ ಬೀಳುತ್ತಿತ್ತು. ಮಡಿಕೆ ಹಾಕುವಾಗಲೇ ನಾನು ಬಲ ಕೆಳಮೂಲೆಯಲ್ಲಿ ಒಂದು ಕಪ್ಪು ಹರವನ್ನು ಕಂಡಿದ್ದೆ. ಯಾವುದೋ ಗಿಡದ ನೆರಳಿರಬೇಕು ಎಂದುಕೊಂಡಿದ್ದೆ. ಸಿದ್ಧ ಫ್ರೇಮಿಗೆ ಹೊಂದಲಿ ಎಂದು ಆ ಅಂಚನ್ನು ಕತ್ತರಿಸಿಯೇ ಪ್ರಿಂಟ್ ಹಾಕಿದ್ದೆವು. ಪೊಲೀಸರ ಬಳಿ ಇರುವುದೂ ಕತ್ತರಿಸಿದ ಪ್ರಿಂಟೇ. ಆ ಮೂಲೆ ಉಳಿದಿದ್ದದ್ದು ಈ ಫೈಲಿನಲ್ಲಿ ಮಾತ್ರ.

ಬಾಣದ ಗುರುತನ್ನು ಆ ಕಡೆಗೆ ಸರಿಸಿದೆ.

ಮಾವನ ಕೈ ನನ್ನ ಕೈಯ ಮೇಲೆ ಬಂತು. ಬೆಚ್ಚಗಿತ್ತು, ಒದ್ದೆಯಾಗಿತ್ತು.

"ಅಲ್ಲಿ ಬೇಡ ಪುಟ್ಟಿ. ಅಲ್ಲಿ ಏನೂ ಇಲ್ಲ."

ನಾನು ಅವರ ಕೈಯನ್ನು ಮೆಲ್ಲಗೆ ಎತ್ತಿ ಅವರ ಮಡಿಲಲ್ಲಿಟ್ಟೆ. ಕಪ್ಪನ್ನು ತಿಳಿಗೊಳಿಸಿದೆ.

ಹುಲ್ಲಿನ ಮೇಲೆ ಒಂದು ಚಕ್ರ ಮಲಗಿತ್ತು. ಉದ್ದಕ್ಕೆ ಎಳೆದ ಹಾಗೆ, ಕಡ್ಡಿ ಕಡ್ಡಿಯಾಗಿ. ಗಾಲಿಕುರ್ಚಿಯ ಚಕ್ರ. ಆ ಮನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂರುತ್ತಿದ್ದವರು ಒಬ್ಬರೇ. ಅವರು ಊಟವಾದ ಮೇಲೆ ಮಹಡಿಯಲ್ಲಿ ಮಲಗಿದ್ದವರು ಕೆಳಗಿಳಿಯಲೇ ಇಲ್ಲ, ಕುರ್ಚಿಯೂ ಮೇಲೆಯೇ ಇತ್ತು ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು.

"ಯಜಮಾನರೇ ತೆಗೆದದ್ದು," ಎಂದೆ. ನನ್ನ ದನಿ ಬಾವಿಯೊಳಗಿಂದ ಬಂದಂತಿತ್ತು.

ಮಾವ ತಲೆಯಾಡಿಸಿದರು. "ಅವರಿಗೆ ಆಸೆಯಾಯ್ತು. ಕೊಡಯ್ಯ ಇಲ್ಲಿ, ನಾನೂ ಒಂದು ತೆಗೀತೀನಿ, ನೀನು ಹೋಗಿ ನನ್ನ ಶಾಲು ತಗೊಂಡು ಬಾ ಅಂದ್ರು. ಶಾಲು ಸಿಕ್ಕಿದ ಮೇಲೆ ಕಿಟಕಿಯಿಂದ ನೋಡಿದೆ. ಹೇಗೆ ಹಿಡ್ಕೊಂಡಿದ್ದಾರೋ ಕ್ಯಾಮೆರಾನ ಅಂತ."

ಹಾಗಾದರೆ ಮಾವ ಕಿಟಕಿಯಲ್ಲಿದ್ದಾಗ ಯಜಮಾನರು ತೋಟದಲ್ಲಿ ಜೀವಂತವಾಗಿ ಕೂತಿದ್ದರು. ಮಾವನ ಮೇಲೆ ಏನೂ ಇರಲಿಲ್ಲ. ನನಗೆ ಉಸಿರು ಬಂತು. ಇದನ್ನೇ ಮುಚ್ಚಿಡುವುದೇಕೆ, ಇನ್‌ಸ್ಪೆಕ್ಟರಿಗೆ ಈ ನೆರಳು ತೋರಿಸಿದರೆ ಸಾಕಲ್ಲ ಎನ್ನುತ್ತ ನೆರಳಿನ ಮೇಲ್ಭಾಗವನ್ನೂ ತಿಳಿಗೊಳಿಸಿದೆ.

ಮಾವ ಕಣ್ಣು ಮುಚ್ಚಿಕೊಂಡರು.

ಚಕ್ರದ ಆಚೆ ಇನ್ನೊಂದು ನೆರಳಿತ್ತು. ದೊಡ್ಡದು, ಗುಂಡಗಿನದು, ಅಂಚು ಅಲೆ ಅಲೆಯಾಗಿ ಕತ್ತರಿಸಿದಂಥದ್ದು. ಕುರ್ಚಿಯ ಹಿಂದೆ ಯಾರೋ ನಿಂತು ಮುದುಕರ ತಲೆಗೆ ಬಿಸಿಲು ತಾಗದಂತೆ ಹಿಡಿದಿದ್ದರು. ಅದರ ಅಂಚಿನಲ್ಲಿ ಒಂದು ಕಡೆ ಅಲೆ ಮುರಿದಿತ್ತು. ಪೆಟ್ಟು ತಿಂದ ರೆಕ್ಕೆಯಂತೆ ಅಲ್ಲಿ ಜೋತುಬಿದ್ದಿತ್ತು.

ನಾನು ಬಾಗಿಲ ಹಿಂದೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

*

ಬೆಳಕಿಂಡಿಯ ಮೇಲೆ ಮೋಡವೊಂದು ಹಾದುಹೋಯಿತು. ಕೋಣೆಯ ಹಸಿರು ಗಾಢವಾಗಿ, ಮತ್ತೆ ತಿಳಿಯಾಯಿತು. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ, ಬಹಳ ದೂರದಿಂದ ಕೇಳಿದಂತೆ.

"ಅವಳು ಔಷಧಿ ಅಂಗಡಿಗೆ ಹೋಗಿರಲಿಲ್ಲ," ಎಂದೆ.

"ಇಲ್ಲ."

"ನಿಮಗೆ ಮೊದಲಿನಿಂದ ಗೊತ್ತಿತ್ತು."

ಮಾವ ಕನ್ನಡಕ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು.

"ನಾನು ಶಾಲು ತಗೊಂಡು ಹಿಂದಿನ ಮೆಟ್ಟಿಲಿಂದ ಕೆಳಗೆ ಬಂದಾಗ ತೋಟದಲ್ಲಿ ಯಾರೂ ಇರಲಿಲ್ಲ. ಕುರ್ಚಿ ಖಾಲಿ. ಸೀಟಿನ ಮೇಲೆ ನನ್ನ ಕ್ಯಾಮೆರಾ. ನಿಮ್ಮಕ್ಕ ಒಬ್ಬಳೇ ನಿಂತು ಛತ್ರಿ ಮಡಿಸ್ತಿದ್ದಳು. ಫೋಟೋ ನೀವೇ ತೆಗೆದಿರಿ ಮಾವ, ನಾನು ಔಷಧಿ ಅಂಗಡಿಗೆ ಹೋಗಿದ್ದೆ, ಇಷ್ಟೇ ನೆನಪಿಟ್ಟುಕೊಳ್ಳಿ ಅಂದಳು."

"ಯಾಕೆ ಅಂತ ಕೇಳಲಿಲ್ವಾ?"

"ಕೇಳಿದೆ. ಕೇಳಬೇಡಿ ಅಂದಳು. ಅವಳು ನನ್ನ ಹತ್ರ ಇದುವರೆಗೆ ಏನನ್ನೂ ಕೇಳಿದವಳಲ್ಲ, ಸುರುಳಿ. ಒಂದು ರಿಬ್ಬನ್ನೂ ಕೇಳಿರಲಿಲ್ಲ."

"ಆ ಮೂಲೆ?"

"ಕಿಟಕಿಯಲ್ಲಿ ನಾನಿರೋದನ್ನ ನಾನು ಕಂಡಿರಲಿಲ್ಲ. ಆ ಸಂಜೆ ಇಲ್ಲಿಗೆ ಬಂದು, ನನ್ನ ಭೂತಗನ್ನಡಿ ಹಿಡಿದು ಕಂಡವಳು ಅವಳೇ. ಅಳಿಸೋಕೆ ಹೇಳಿದರೆ ಸುರುಳಿ ನೋಡಿಬಿಡ್ತಾಳೆ. ಮಡಿಸೋಕೆ ಹೇಳಿ, ಅವಳಿಗೆ ಅದು ಇಷ್ಟ ಅಂದಳು."

ಅವಳಿಗೆ ಅದು ಇಷ್ಟ. ಅಕ್ಕ ನನ್ನ ಬಗ್ಗೆ ಹಾಗೆ ಹೇಳುವಾಗಿನ ದನಿ ನನಗೆ ಗೊತ್ತು. ಆ ದನಿಯಲ್ಲೇ ಹೇಳಿರುತ್ತಾಳೆ.

ಒಂದು ಸುಳ್ಳು ಕಟ್ಟಿ, ಆ ಸುಳ್ಳಿನೊಳಗೆ ತಾನೇ ಹೋಗಿ ಕೂತು ಬಾಗಿಲು ಹಾಕಿಕೊಂಡಿದ್ದಳು. ಯಾರಿಗಾಗಿ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ ಜೀಪು ನಿಂತ ಸದ್ದಾಯಿತು.

ಇಬ್ಬರೂ ಅಲುಗಲಿಲ್ಲ. ಬೀದಿಬಾಗಿಲು ತೆರೆಯಿತು. ಏನೋ ಗುನುಗುತ್ತ ಯಾರೋ ನಮ್ಮ ಮರದ ಮೆಟ್ಟಿಲು ಹತ್ತತೊಡಗಿದರು.

ನನ್ನ ಮುಂದೆ ಎಲ್ಲವೂ ತಿಳಿಯಾಗಿತ್ತು, ಹಗಲಿನಷ್ಟು. ಕಿಟಕಿಯನ್ನು ಮಾತ್ರ ತೋರಿಸಿದರೆ ಅಕ್ಕ ಇವತ್ತೇ ಮನೆಗೆ ಬರುತ್ತಾಳೆ, ಆ ಜಾಗಕ್ಕೆ ಮಾವ ಹೋಗುತ್ತಾರೆ. ನೆರಳನ್ನೂ ತೋರಿಸಿದರೆ ಮಾವ ಉಳಿಯುತ್ತಾರೆ, ಅಕ್ಕನ ಹೇಳಿಕೆ ಸುಳ್ಳಾಗುತ್ತದೆ. ಆಮೇಲೆ ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದಿದ್ದರು ಇನ್‌ಸ್ಪೆಕ್ಟರ್.

ಮಾವ ಎದ್ದರು. ಅಂಗಿಯ ಗುಂಡಿ ಹಾಕಿಕೊಂಡರು, ಕೂದಲು ನೀವಿಕೊಂಡರು, ಫೋಟೋಕ್ಕೆ ಕೂರುವವರ ಹಾಗೆ. ಆಮೇಲೆ ಬಗ್ಗಿ ಪರದೆಯ ಬಲ ಕೆಳಮೂಲೆಯ ಮೇಲೆ ಬೆರಳಿಟ್ಟರು.

"ಇದು ನಿನ್ನ ಮೂಲೆ ತಾನೇ? ಎಲ್ಲ ಚಿತ್ರದಲ್ಲೂ ನೀನು ಇದನ್ನೇ ಮಡಿಸ್ತೀಯ. ಯಾರೂ ಯಾಕೆ ಅಂತ ಕೇಳಲ್ಲ. ಮಡಿಸು."

"ಮಾವ."

"ಮಡಿಸು ಪುಟ್ಟಿ. ನನಗೆ ವಯಸ್ಸಾಯ್ತು, ಅವಳಿಗಾಗಿಲ್ಲ."

ಬೂಟಿನ ಸದ್ದು ಮೆಟ್ಟಿಲ ತಿರುವಿಗೆ ಬಂತು. ಸುರುಳಿ ಮೇಡಂ ಇದ್ದಾರಾ ಎಂಬ ದನಿ ಕೇಳಿತು, ಸ್ನೇಹದಿಂದಲೇ.

ಇದ್ದೇನೆ, ಬನ್ನಿ ಎಂದೆ. ನನ್ನ ಕೈ ಆಗಲೇ ಮೂಲೆಯನ್ನು ಹಿಡಿದಿತ್ತು. ಅದಕ್ಕೆ ಆ ದಾರಿ ಕಣ್ಣು ಕಟ್ಟಿದರೂ ಗೊತ್ತು. ಹುಲ್ಲು ಬಾಗಿತು, ಚಕ್ರ ಬಾಗಿತು, ಛತ್ರಿಯ ಮುರಿದ ಅಂಚು ಮೆಲ್ಲಗೆ ಮೇಲೆದ್ದು ಒಳಕ್ಕೆ ಹೊರಳಿತು. ಬೆನ್ನಿನ ಹೊಳಪು ಬಂತು, ಕೆಳಗಿನ ನೆರಳು ಬಂತು.

ಹಿಂಬದಿಯೊಂದು ಉಳಿದಿತ್ತು.

ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತು ಟೋಪಿ ತೆಗೆದರು. ನಾನು ಇನ್ನೂ ಪರದೆಯನ್ನೇ ನೋಡುತ್ತಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಹಾಳೆಯ ಹಿಂಬದಿಯನ್ನು ಅಚ್ಚ ಬಿಳಿಯಾಗಿ ಬಿಡಬೇಕೇ ಎಂದು ಯೋಚಿಸುತ್ತ.